ಮೇಜರ್ ಸಾಹೇಬರ ಬಾಲದ ಪಟ್ಟಿ

ಆಲ್ವಿನ್ ಟೆಪ್ಪೆ ಸೈನಿಕನಾಗಲು ಹುಟ್ಟಿದವನಲ್ಲ. ಸೈನ್ಯ ಸೇರಿದ ಮೇಲೂ ಆಗಲಿಲ್ಲ. ಸೋಸ್ಟ್ ಪಟ್ಟಣದ ಮಾಂಸದಂಗಡಿಗಳ ಗಾಜಿನ ಮೇಲೆ ಹಂದಿಯ ಚಿತ್ರ ಬರೆದು ಜೀವನ ಸಾಗಿಸುತ್ತಿದ್ದವನು. ಅವನ ಹಂದಿಗಳೆಲ್ಲ ನಗುತ್ತಿದ್ದವು. ಒಳಗೆ ತಮ್ಮ ಬಂಧುಬಳಗವನ್ನೇ ಕೊಚ್ಚಿ ಕರುಳಿಗೆ ತುಂಬುತ್ತಿದ್ದಾರೆಂಬ ವಿಷಯದಲ್ಲಿ ಅವಕ್ಕೆ ಯಾವ ತಕರಾರೂ ಇದ್ದಂತೆ ಕಾಣುತ್ತಿರಲಿಲ್ಲ. ಆ ನಗುವಿಗಾಗಿಯೇ ಅಂಗಡಿಯವರು ಪಕ್ಕದ ಊರುಗಳಿಂದಲೂ ಅವನನ್ನು ಕರೆಸುತ್ತಿದ್ದರು.

ನಲವತ್ತು ದಾಟಿದ ಮೇಲೆ ಸೈನ್ಯದ ಕರೆ ಬಂತು. ಚಪ್ಪಟೆ ಪಾದ, ಆದ್ದರಿಂದ ನಡೆಯುವ ಪಡೆಗೆ ಬೇಡವಾದ. ವಾಯುಪಡೆಯವರು, ‘ನಿನಗೇನು ಬರುತ್ತೆ?’ ಎಂದರು. ‘ಬಣ್ಣ ಹಚ್ಚೋಕೆ ಬರುತ್ತೆ’ ಎಂದ. ಹಾಗೆ ವೆಸ್ಟ್‌ಫಾಲಿಯದ ಪೈನ್ ಕಾಡಿನಂಚಿನ ಒಂದು ವಿಮಾನ ಮೈದಾನಕ್ಕೆ ಬಂದು, ಫೈಟರ್ ವಿಮಾನಗಳ ಪಕ್ಕೆಗೆ ನಂಬರು, ರೆಕ್ಕೆಗೆ ಶಿಲುಬೆ, ಬಾಲಕ್ಕೆ ಪಕ್ಷದ ಗುರುತಾದ, ಸ್ವಸ್ತಿಕದಂಥ ಕೊಕ್ಕೆಶಿಲುಬೆ ಬರೆಯುತ್ತಾ ನಿಂತ. ಬರೆದದ್ದರ ಅರ್ಥವೇನೆಂದು ಅವನು ಹಂದಿಯ ಕಾಲದಲ್ಲೂ ಕೇಳಿದವನಲ್ಲ, ಈಗಲೂ ಕೇಳಲಿಲ್ಲ. ಬಾಂಬು ತೋಡಿದ ಗುಂಡಿಗಳನ್ನು ಮುಚ್ಚಲು ಕಾವಲಿನಲ್ಲಿ ಕರೆತರುತ್ತಿದ್ದ ಉಕ್ರೇನಿನ ಕೂಲಿಯಾಳುಗಳು, ಕಾಲಿಗೆ ಚಿಂದಿ ಸುತ್ತಿಕೊಂಡು ಅವನ ಶೆಡ್ಡಿನ ಮುಂದೆಯೇ ಹಾದು ಹೋಗುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಟೆಪ್ಪೆಗೆ ಬ್ರಷ್ ತೊಳೆಯುವ ಕೆಲಸ ಬಹಳ ಇರುತ್ತಿತ್ತು.

ಅವನ ಹೆಮ್ಮೆಯೆಲ್ಲ ಪಟ್ಟಿಗಳಲ್ಲಿತ್ತು. ಶತ್ರುವಿನ ಒಂದು ವಿಮಾನ ಬೀಳಿಸಿದರೆ ಬೀಳಿಸಿದವನ ವಿಮಾನದ ಬಾಲಕ್ಕೆ ಒಂದು ಬಿಳಿ ಪಟ್ಟಿ. ಬೆರಳಗಲ, ಗೇಣುದ್ದ. ವಿಮಾನ ಒಡೆದು ಹೊಸದು ಬಂದರೆ ಅಷ್ಟೂ ಪಟ್ಟಿಗಳನ್ನು ಮೊದಲಿನಿಂದ ಬರೆಯಬೇಕು. ಬೇರೆ ತುಕಡಿಗಳಲ್ಲಿ ಅಚ್ಚು ಇಟ್ಟು ಬಳಿಯುತ್ತಾರೆಂದು ಕೇಳಿ ಟೆಪ್ಪೆ ಮುಖ ಸಿಂಡರಿಸಿದ್ದ. ಅವನದು ಬರಿಗೈ.

‘ಯುದ್ಧ ಸೋತು ಹೋಗ್ತಾ ಇದೆ ಕಣಯ್ಯ, ನೀನು ಗೆರೆ ಡೊಂಕಾಯ್ತು ಅಂತ ಅಳಿಸ್ತಾ ಕೂತಿದ್ದೀಯ,’ ಎನ್ನುತ್ತಿದ್ದ ಎಂಜಿನ್ ಮೆಕ್ಯಾನಿಕ್ ಸ್ಕಿಬಾ. ಸೈಲೇಸಿಯದವನು, ಬಾಯಿಗೆ ಬೀಗವಿಲ್ಲ.

‘ಸೋತರೂ ನೀಟಾಗಿ ಸೋಲಬೇಕು,’ ಎನ್ನುತ್ತಿದ್ದ ಟೆಪ್ಪೆ. ಅದನ್ನು ಅವನು ತಮಾಷೆಗೆ ಹೇಳಿದ್ದಲ್ಲ.

ಅತಿ ಹೆಚ್ಚು ಪಟ್ಟಿಗಳಿದ್ದದ್ದು ಕಮಾಂಡರ್ ಮೇಜರ್ ಕ್ರೇನಿಟ್ಸ್ ಸಾಹೇಬರ ಬಾಲದಲ್ಲಿ. ಸಾಹೇಬರು ಎತ್ತರದ ಆಳು, ನಡಿಗೆಯಲ್ಲೇ ಬ್ಯಾಂಡು ಕೇಳಿಸುತ್ತಿತ್ತು. ಅವರಿಗಿದ್ದದ್ದು ಒಂದೇ ಕಾಯಿಲೆ. ಕೊರಳಲ್ಲಿ ಕಟ್ಟಿಕೊಳ್ಳುವ ದೊಡ್ಡ ಪದಕಕ್ಕಾಗಿ ಹಾತೊರೆಯುವ ಪೈಲಟ್‌ಗಳಿಗೆ ‘ಗಂಟಲು ನೋವು’ ಎಂದು ಪಡೆಯಲ್ಲೆಲ್ಲ ಆಡಿಕೊಳ್ಳುತ್ತಿದ್ದರು. ಮೇಜರ್ ಸಾಹೇಬರ ಗಂಟಲು ನೋವು ಎಷ್ಟು ಮುಂದುವರಿದಿತ್ತೆಂದರೆ, ಕ್ಷೌರದ ಕನ್ನಡಿಯ ಮುಂದೆ ಕಾಲರ್ ಬಿಚ್ಚಿ, ಪದಕ ಕೂರುವ ಜಾಗಕ್ಕೆ ಬೆರಳಿಟ್ಟು ನೋಡಿಕೊಳ್ಳುವುದನ್ನು ಅಡುಗೆಯವರು ಕಂಡಿದ್ದರು. ಇನ್ನೊಂದೇ ಒಂದು ವಿಮಾನ ಬಿದ್ದರೆ ಪದಕ ಖಂಡಿತ ಎಂದು ಮೇಲಿನವರು ಫೋನಿನಲ್ಲಿ ಹೇಳಿದ್ದರಂತೆ.

ಇದರಲ್ಲಿ ನಗಲು ಬೇಕಾದಷ್ಟಿತ್ತು, ಸಾಹೇಬರ ಜೊತೆಗಾರನಾಗಿ ಹಾರುವವನ ಪಾಡೊಂದನ್ನು ಬಿಟ್ಟು. ಮುಂದಾಳು ಬೇಟೆಯಾಡುವಾಗ ಒಬ್ಬ ಹೊಸ ಹುಡುಗ ಪಕ್ಕಕ್ಕೆ, ತುಸು ಹಿಂದೆ ಹಾರುತ್ತಾ ಅವನ ಬೆನ್ನು ಕಾಯಬೇಕು. ಆ ಹುಡುಗನ ಬೆನ್ನು ಕಾಯಲು ಯಾರೂ ಇರುವುದಿಲ್ಲ. ಒಳ್ಳೆಯ ಮುಂದಾಳು ಆಗಾಗ ಹಿಂತಿರುಗಿ ನೋಡುತ್ತಾನೆ. ಮೇಜರ್ ಸಾಹೇಬರಿಗೆ ಹಿಂತಿರುಗಿ ನೋಡುವ ಅಭ್ಯಾಸವಿರಲಿಲ್ಲ. ಆ ಬೇಸಿಗೆಯಿಂದೀಚೆಗೆ ಅವರ ಜೊತೆ ಹೋದ ಹುಡುಗರು ಒಬ್ಬರಾದ ಮೇಲೊಬ್ಬರು ಹೋದರು. ಸಾಹೇಬರು ಪ್ರತಿ ಸಲವೂ ಒಬ್ಬರೇ ಇಳಿದು, ಮನಸಾರೆ ನೊಂದುಕೊಂಡು, ಹೊಟ್ಟೆ ತುಂಬ ಬಟಾಣಿ ಸೂಪು ಕುಡಿಯುತ್ತಿದ್ದರು.

ಶರತ್ಕಾಲದಲ್ಲಿ ಬಂದ ಹೊಸ ಹುಡುಗರ ಲಾರಿಯಿಂದ ಲೂಟ್ಗರ್ ಇಳಿದ. ಟೆಪ್ಪೆಯ ತಂಗಿ ಮೆಖ್ಟಿಲ್ಡಳ ಒಬ್ಬನೇ ಮಗ. ಅವಳ ಗಂಡ ರಷ್ಯಾದಲ್ಲಿ ಹಿಮದಡಿ ಸೇರಿದ್ದ. ಹುಡುಗ ಅಧಿಕಾರಿಯಾಗುವ ಹಾದಿಯಲ್ಲಿದ್ದ, ಭುಜದ ಮೇಲೆ ಬೆಳ್ಳಿ ಅಂಚು. ಸೋದರಮಾವ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆಯಬೇಕಾಯಿತು.

‘ಮಾಮ, ಏನಿದು!’ ಹುಡುಗನ ಕಿವಿ ಕೆಂಪಾಯಿತು.

‘ಸುಮ್ನಿರೋ, ಸಾರ್ಜೆಂಟು ನೋಡ್ತಾವ್ನೆ. ನೀನೂ ಹೊಡಿ,’ ಎಂದು ಟೆಪ್ಪೆ ತುಟಿಯಲ್ಲೇ ಗದರಿಸಿದ. ಬಳಿಕ ಗಟ್ಟಿಯಾಗಿ, ‘ಹೌದು ಸಾರ್! ಬಣ್ಣದ ಶೆಡ್ಡು ಆ ಕಡೆ ಸಾರ್!’

ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡ ಮೇಲೆ ಕಿವಿ ಹಿಂಡಿದ. ‘ಎಷ್ಟು ಹಾರಿದ್ದೀಯೋ ಒಟ್ಟು?’

‘ಪೆಟ್ರೋಲ್ ಇರ್ಲಿಲ್ಲ ಮಾಮ. ಜಾಸ್ತಿ ಹೊತ್ತು ನೆಲದ ಮೇಲೆ ಕುರ್ಚೀಲಿ ಕೂರಿಸಿ ಹೇಳ್ಕೊಟ್ರು.’

‘ಕುರ್ಚೀಲಿ ಚೆನ್ನಾಗಿ ಹಾರ್ತೀಯಾ?’

‘ಕುರ್ಚೀಲಿ ನಾನೇ ಫಸ್ಟು,’ ಎಂದು ಹುಡುಗ ನಕ್ಕ. ಟೆಪ್ಪೆ ನಗಲಿಲ್ಲ. ಕೊನೆಯ ಸಲ ರಜೆಗೆ ಹೋದಾಗ ಮೆಖ್ಟಿಲ್ಡ್ ಅವನ ತೋಳು ಹಿಡಿದು ಹೇಳಿದ್ದಳು: ‘ಅಣ್ಣ, ಅವನನ್ನ ನಿನ್ನ ಮೈದಾನಕ್ಕೇ ಹಾಕಿದ್ದಾರಂತೆ. ನೀನು ಅಲ್ಲಿರೋದಕ್ಕೆ ನಾನು ರಾತ್ರಿ ಕಣ್ಣು ಮುಚ್ತೀನಿ.’ ಬಣ್ಣ ಬಳಿಯುವವನು ಆಕಾಶದಲ್ಲಿರುವವನನ್ನು ಹೇಗೆ ಕಾಯಬೇಕೆಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಒಂದು ವಾರವೂ ಕಳೆದಿರಲಿಲ್ಲ, ಲೂಟ್ಗರ್‌ನನ್ನು ಮೇಜರ್ ಸಾಹೇಬರ ಜೊತೆಗಾರನಾಗಿ ಹಾಕಿದರು. ಸ್ಕಿಬಾ ಸುದ್ದಿ ತಂದವನು ಟೆಪ್ಪೆಯ ಮುಖ ನೋಡಿ ಒಂದು ಸಿಗರೇಟು ಚಾಚಿದ.

ಮೊದಲ ಕೆಲವು ಹಾರಾಟಗಳು ಹೇಗೋ ಕಳೆದವು. ನವೆಂಬರಿನ ಒಂದು ಮೋಡದ ಮಧ್ಯಾಹ್ನ ಇಬ್ಬರೂ ತಿರುಗಿ ಬಂದರು. ಸಾಹೇಬರು ಮೈದಾನದ ಮೇಲೆ ತಗ್ಗಿ ಹಾರುತ್ತಾ ರೆಕ್ಕೆ ಅಲ್ಲಾಡಿಸಿದರು. ಬೇಟೆ ಸಿಕ್ಕಿದವರು ಹಾಗೆ ರೆಕ್ಕೆ ಅಲ್ಲಾಡಿಸುತ್ತಾ ಬರುವುದು ವಾಡಿಕೆ. ಕೆಳಗಿದ್ದವರು ಟೋಪಿ ಬೀಸಿದರು. ಸಾಹೇಬರು ಇಳಿದವರೇ, ‘ಟೆಪ್ಪೆ! ಬ್ರಷ್ ನೆನೆಸು!’ ಎಂದು ಕೂಗಿದರು.

ಆದರೆ ಬ್ರಷ್ ನೆನೆದರೆ ಸಾಲದು. ಬಿದ್ದದ್ದನ್ನು ಕಣ್ಣಾರೆ ಕಂಡವನೊಬ್ಬ ಸಾಕ್ಷಿ ಹೇಳಬೇಕು. ಸಾಕ್ಷಿಯಿಲ್ಲದೆ ಬಿದ್ದ ವಿಮಾನ ಬಿದ್ದ ಹಾಗಲ್ಲ. ಅಲ್ಲಿದ್ದವನು ಲೂಟ್ಗರ್ ಒಬ್ಬನೇ.

ಹುಡುಗ ಶೆಡ್ಡಿಗೆ ಬಂದು ಬಣ್ಣದ ಡಬ್ಬದ ಮೇಲೆ ಕುಸಿದ. ‘ಮಾಮ, ನಾನೇನೂ ನೋಡ್ಲಿಲ್ಲ. ಮೋಡದೊಳಗೆ ಅವರ ಹಿಂದೆ ಉಳ್ಕೊಳ್ಳೋದೇ ಸಾಕಾಗಿತ್ತು. ಅವರು ಗುಂಡು ಹಾರಿಸಿದ್ದು ನಿಜ. ಆ ಅಮೆರಿಕದವನು ಮೋಡದೊಳಗೆ ಹೋದ. ಬಿದ್ದನೋ, ಮನೆಗೆ ಹೋಗಿ ಕಾಫಿ ಕುಡಿದನೋ, ಯಾರಿಗೆ ಗೊತ್ತು?’

‘ನೋಡ್ಲಿಲ್ಲ ಅಂತ ಹೇಳಿಬಿಟ್ಯಾ?’

‘ಇನ್ನೂ ಇಲ್ಲ. ಊಟ ಆದ್ಮೇಲೆ ಬಾ ಅಂದಿದ್ದಾರೆ.’

ಟೆಪ್ಪೆ ಬ್ರಷ್ ಕೆಳಗಿಟ್ಟ. ಅವನ ತಲೆಯಲ್ಲಿ ಒಂದು ಲೆಕ್ಕಾಚಾರ ಥಟ್ಟನೆ ಕೂಡಿಕೊಂಡಿತು. ಅದು ಎಷ್ಟು ನೇರವಾಗಿತ್ತೆಂದರೆ ತನ್ನ ಕೈಯಿಂದಲೇ ಎಳೆದಂತೆ ಕಂಡಿತು. ಹಿಂದಿನ ಕಮಾಂಡರಿಗೆ ಪದಕ ಬಂದ ಮರುವಾರವೇ ಬರ್ಲಿನ್ನಿನಲ್ಲಿ ಮೇಜು ಕುರ್ಚಿ ಸಿಕ್ಕಿತ್ತು. ಪದಕದವರನ್ನು ಪೋಲು ಮಾಡಬಾರದೆಂದು ಮೇಲಿನವರ ಮನಸ್ಸು. ಇವರಿಗೂ ಅದು ಕೊರಳಿಗೆ ಬಿದ್ದರೆ ಇವರೂ ಬರ್ಲಿನ್ನಿಗೆ. ಹುಡುಗ ಬೇರೆಯವರ ಕೈಗೆ, ಹಿಂತಿರುಗಿ ನೋಡುವವರ ಕೈಗೆ.

‘ನೋಡ್ದೆ ಅಂತ ಹೇಳು,’ ಎಂದ.

‘ಮಾಮ!’

‘ಉರೀತಾ ಇತ್ತು, ಬಿತ್ತು, ನೋಡ್ದೆ ಅನ್ನು. ಎರಡು ಮಾತು. ಅವರು ಬರ್ಲಿನ್‌ಗೆ ಹೋಗ್ತಾರೆ, ನೀನು ಬದುಕ್ತೀಯ.’

‘ಅಪ್ಪ ಇದ್ದಿದ್ರೆ...’

‘ಅಪ್ಪ ಸತ್ಯವಂತ ಕಣೋ. ಈಗ ಎಲ್ಲವ್ನೆ?’ ಆಡಿದ ಮಾತು ಟೆಪ್ಪೆಗೇ ಚುಚ್ಚಿತು. ಧ್ವನಿ ತಗ್ಗಿಸಿದ. ‘ನಿಮ್ಮಮ್ಮನಿಗೆ ನಾನೇನು ಹೇಳ್ಲಿ? ನಿನ್ನ ಮಗ ಸುಳ್ಳು ಹೇಳ್ಲಿಲ್ಲ ತಾಯಿ, ಖುಷಿಪಡು ಅಂತಲಾ?’

ಲೂಟ್ಗರ್ ಊಟ ಮುಗಿಸಿ ಹೋಗಿ ಹಾಗೆಯೇ ಹೇಳಿದ. ಟೆಪ್ಪೆ ಪಟ್ಟಿ ಎಳೆದ. ಗೆರೆ ಒಂಚೂರೂ ಡೊಂಕಾಗಲಿಲ್ಲ.

ಪದಕ ಡಿಸೆಂಬರಿನಲ್ಲಿ ಬಂತು. ಒಬ್ಬ ಜನರಲ್ ಬಂದು ಕಟ್ಟಿ ಹೋದ. ಕಾರ್ಮಿಕರ ಕ್ಯಾಂಟೀನಿನಿಂದ ಕಡ ತಂದ ಬೆಂಚುಗಳ ಮೇಲೆ ಎಲ್ಲರನ್ನೂ ಕೂರಿಸಿ, ತಲೆಗೊಂದು ಲೋಟ ಹುಳಿ ವೈನು ಸುರಿದು, ಸಾಹೇಬರು ಭಾಷಣಕ್ಕೆ ನಿಂತರು. ಗದ್ದವನ್ನು ಇಳಿಸಿದರೆ ಪದಕ ಮರೆಯಾಗುತ್ತದೆಂದು ಮೇಲಕ್ಕೆತ್ತಿಯೇ ಮಾತಾಡಿದರು. ಹಾಗಾಗಿ ಅವರು ಹೇಳಿದ್ದೆಲ್ಲ ಮಾಡಿನ ಜಂತೆಗಳಿಗೆ ಹೇಳಿದಂತಿತ್ತು.

‘ಬರ್ಲಿನ್‌ನಿಂದ ಕರೆ ಬಂದಿತ್ತು,’ ಎಂದರು. ಟೆಪ್ಪೆ ಲೋಟ ಬಿಗಿಯಾಗಿ ಹಿಡಿದ. ‘ನಾನು ಏನು ಹೇಳಿದೆ ಗೊತ್ತೇ? ನನ್ನ ಹುಡುಗರನ್ನು ಬಿಟ್ಟು ನಾನು ಬರುವವನಲ್ಲ ಎಂದೆ!’

ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಲೇಬೇಕಿತ್ತು.

‘ಮತ್ತೆ ಇಲ್ಲೊಬ್ಬನಿದ್ದಾನೆ. ಮೋಡದೊಳಗೂ ಕಾಣುವ ಕಣ್ಣು! ಎದ್ದು ನಿಲ್ಲು, ಲೂಟ್ಗರ್. ಈ ಯುದ್ಧ ಮುಗಿಯುವವರೆಗೆ ಇವನು ನನ್ನ ಜೊತೆಗಾರ. ಬೇರೆ ಯಾರಿಗೂ ಕೊಡುವುದಿಲ್ಲ.’

ಸ್ಕಿಬಾ ಟೆಪ್ಪೆಯ ಕಿವಿಯಲ್ಲಿ, ‘ಪದಕಕ್ಕೆ ಮೇಲೊಂದು ಎಲೆ ಅಂಟಿಸ್ತಾರಂತೆ, ಇನ್ನಷ್ಟು ಬೀಳಿಸಿದ್ರೆ. ಗಂಟಲು ನೋವು ವಾಸಿಯಾಗೋ ಜಾತೀದಲ್ಲ,’ ಎಂದ. ಎದ್ದು ನಿಂತ ಹುಡುಗ ಟೆಪ್ಪೆಯ ಕಡೆಯೇ ನೋಡುತ್ತಿದ್ದ. ಅದರಲ್ಲಿ ಆಪಾದನೆಯಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಈಗೇನು ಮಾಡೋಣ ಮಾಮ ಎಂದು ಕೇಳುವ ನೋಟ ಅದು.

ಟೆಪ್ಪೆಯ ಹತ್ತಿರ ಇನ್ನೊಂದು ಉಪಾಯವಿರಲಿಲ್ಲ.

ಕ್ರಿಸ್‌ಮಸ್ ಕಳೆದು ಹಿಮ ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ, ಆಕಾಶ ಗಾಜಿನಂತೆ ತಿಳಿಯಾಗಿತ್ತು. ಮೋಡವಿದ್ದಿದ್ದರೆ ಬಚ್ಚಿಟ್ಟುಕೊಳ್ಳಲು ಜಾಗವಾದರೂ ಇರುತ್ತಿತ್ತು. ಹೋದವರಲ್ಲಿ ಅರ್ಧದಷ್ಟು ಜನ ಬಂದರು. ಮೇಜರ್ ಸಾಹೇಬರೂ ಬಂದರು, ರೆಕ್ಕೆ ಅಲ್ಲಾಡಿಸುತ್ತಾ. ಪಕ್ಕಕ್ಕೆ ತುಸು ಹಿಂದೆ ಇರಬೇಕಾದಲ್ಲಿ ಯಾರೂ ಇರಲಿಲ್ಲ. ಸಾಹೇಬರ ವಿಮಾನ ಇಳಿಯುವಾಗ ಚಕ್ರ ಮುರಿದು, ಹೊಟ್ಟೆಯ ಮೇಲೆ ಜಾರಿ ನಿಂತಿತು. ಅವರು ಬಟ್ಟೆ ಕೊಡವಿಕೊಂಡು ಇಳಿದರು.

ಟೆಪ್ಪೆ ಕತ್ತೆತ್ತಿ ನಿಂತೇ ಇದ್ದ. ವಿಮಾನದ ಪೆಟ್ರೋಲ್ ಮುಗಿಯುವ ಹೊತ್ತು ದಾಟಿದರೂ ನಿಂತಿದ್ದ. ಕೊನೆಗೆ ಸ್ಕಿಬಾ ಬಂದು ತೋಳು ಹಿಡಿದು, ‘ಬಾರಪ್ಪ, ಕಾಲು ಮರಗಟ್ಟುತ್ತೆ,’ ಎಂದು ಒಳಗೆ ಕರೆದೊಯ್ದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಮರುದಿನ ಟೆಪ್ಪೆ ಮೇಜರರ ಕೋಣೆಯ ಬಾಗಿಲು ತಟ್ಟಿದ. ಶಿಕ್ಷೆಯಾಗಲಿ ಎಂದೇ ಹೋಗಿದ್ದ. ಮುಂಚೂಣಿಗೆ ಕಳಿಸಲಿ, ಗೋಡೆಗೆ ನಿಲ್ಲಿಸಲಿ, ಏನಾದರೂ ಒಂದು ಆಗಲಿ.

‘ಸಾಹೇಬ್ರೆ, ನವೆಂಬರಿನ ಆ ಪಟ್ಟಿ ಸುಳ್ಳು. ಹುಡುಗ ಏನೂ ನೋಡಿರಲಿಲ್ಲ. ಹಾಗೆ ಹೇಳು ಅಂತ ನಾನೇ ಹೇಳಿಕೊಟ್ಟೆ.’

ಸಾಹೇಬರು ಕ್ಷೌರ ಮಾಡಿಕೊಳ್ಳುತ್ತಿದ್ದರು. ಕತ್ತಿ ನಿಂತಿತು, ಮತ್ತೆ ಚಲಿಸಿತು.

‘ನನಗೆ ಗೊತ್ತಿಲ್ಲವೇನಯ್ಯ? ಆ ಮೋಡದಲ್ಲಿ ನನಗೇ ನನ್ನ ಮೂಗು ಕಾಣುತ್ತಿರಲಿಲ್ಲ.’ ನೊರೆ ಒರೆಸಿಕೊಂಡರು. ‘ಅದಕ್ಕೇ ಅವನನ್ನು ಬಿಡಲಿಲ್ಲ. ಬೇರೆ ಹುಡುಗರೆಲ್ಲ ನೋಡಿಲ್ಲ ಎಂದರೆ ನೋಡಿಲ್ಲ ಎನ್ನುತ್ತಾರೆ, ಮೊಂಡರು. ಹೊಂದಿಕೊಂಡು ಹೋಗುವವನು ಇವನೊಬ್ಬನೇ ಸಿಕ್ಕಿದ್ದು.’ ನಿಜವಾಗಿಯೂ ದುಃಖಪಟ್ಟು ನಿಟ್ಟುಸಿರಿಟ್ಟರು. ‘ನಿನ್ನೆ ಬೀಳಿಸಿದ್ದಕ್ಕೆ ಈಗ ಸಾಕ್ಷಿ ಇಲ್ಲ. ಹೋಗು. ಹೊಸ ವಿಮಾನ ಬಂದಿದೆ. ಪಟ್ಟಿಗಳೆಲ್ಲ ಬೇಕು.’

‘ಎಲ್ಲಾನಾ ಸಾರ್?’

‘ಎಲ್ಲಾ.’

ಟೆಪ್ಪೆ ಬರೆದ. ಬರೆಯದೆ ಬ್ರಷ್ ಎಸೆದ ಎಂದು ಹೇಳಲು ನನಗೂ ಆಸೆ. ಆದರೆ ಅವನು ಹಾಗೆ ಮಾಡಲಿಲ್ಲ. ಹೆಪ್ಪುಗಟ್ಟಿದ ಬಣ್ಣದ ಡಬ್ಬವನ್ನು ಒಲೆಯ ಪಕ್ಕದಲ್ಲಿಟ್ಟು ಕರಗಿಸಿ, ಮೊದಲಿನಿಂದ ಎಲ್ಲವನ್ನೂ ಬರೆದ.

ವಾರದೊಳಗೆ ಮೆಖ್ಟಿಲ್ಡ್ ಬಂದಳು. ಅರ್ಧ ದಾರಿ ರೈಲು, ಹಳಿ ಕಿತ್ತುಹೋದ ಕಡೆ ನಡಿಗೆ. ಸಾಹೇಬರು ತಾವೇ ಗೇಟಿನವರೆಗೆ ಹೋಗಿ ಅವಳನ್ನು ಬರಮಾಡಿಕೊಂಡು, ಅವಳ ಎರಡೂ ಕೈ ಹಿಡಿದು, ಗದ್ದವೆತ್ತಿ, ‘ತಾಯಿ, ನನ್ನ ಈ ಪದಕ ನಿಮ್ಮ ಮಗನ ಕಣ್ಣಿನ ಋಣ,’ ಎಂದರು. ಆ ಕ್ಷಣದಲ್ಲಿ ಅವರ ಕಣ್ಣಲ್ಲಿ ನೀರೇ ಇತ್ತು.

ಅವಳು ಅಳುತ್ತಿರಲಿಲ್ಲ. ದಾರಿಯಲ್ಲಿ ಎಲ್ಲೋ ಮುಗಿಸಿಕೊಂಡು ಬಂದಿದ್ದಳು. ಅಣ್ಣನ ಕಡೆ ತಿರುಗಿ, ‘ಅವನ ಹೆಣವೂ ಸಿಗ್ಲಿಲ್ಲವಂತೆ,’ ಎಂದಳು. ‘ಅವನು ಏನೋ ನೋಡಿದ್ನಂತಲ್ಲ. ಅದನ್ನ ನೀನು ಬರೆದಿದ್ದೀಯಂತೆ. ಅದೊಂದನ್ನಾದ್ರೂ ತೋರ್ಸು ಅಣ್ಣ.’

ಸಾಹೇಬರು ಉದಾರವಾಗಿ ಅಪ್ಪಣೆ ಕೊಟ್ಟರು.

ಟೆಪ್ಪೆ ಅವಳನ್ನು ಪೈನ್ ಮರಗಳ ಕೆಳಗೆ, ಬಲೆ ಮುಚ್ಚಿದ ಹೊಸ ವಿಮಾನದ ಹಿಂದಕ್ಕೆ ಕರೆದೊಯ್ದ. ಸಾಲುಸಾಲು ಬಿಳಿ ಪಟ್ಟಿಗಳು. ‘ಯಾವುದು?’ ಎಂದಳು. ಯಾವುದನ್ನಾದರೂ ತೋರಿಸಬಹುದಿತ್ತು, ನಿಜವಾದ ಒಂದನ್ನೇ ತೋರಿಸಬಹುದಿತ್ತು. ಅದು ಹೊಳೆಯುವಷ್ಟರಲ್ಲಿ ಅವನ ಬೆರಳು ನವೆಂಬರಿನ ಆ ಸುಳ್ಳು ಪಟ್ಟಿಯ ಮೇಲೆಯೇ ಹೋಗಿ ನಿಂತಿತ್ತು.

‘ಇದು,’ ಎಂದ.

ಮೆಖ್ಟಿಲ್ಡ್ ಕೈಗವಸು ಕಳಚಿ ಅಂಗೈಯನ್ನು ಅದರ ಮೇಲಿಟ್ಟಳು. ಚಳಿಗೆ ಲೋಹ ಚರ್ಮವನ್ನು ಕಚ್ಚುತ್ತಿತ್ತು, ಅವಳು ತೆಗೆಯಲಿಲ್ಲ. ಕಣ್ಣು ಮುಚ್ಚಿ ನಿಂತಳು. ಆಮೇಲೆ ಮೆಲ್ಲಗೆ, ‘ನೀನು ಇಲ್ಲಿ ಇಲ್ಲದೇ ಹೋಗಿದ್ರೆ ನನಗೆ ಇಷ್ಟೂ ಸಿಗ್ತಿರಲಿಲ್ಲ,’ ಎಂದಳು.

ಟೆಪ್ಪೆ ಬಾಯಿ ತೆರೆದ. ಆಗ ಸೈರನ್ ಕೂಗಿತು. ಮೆಕ್ಯಾನಿಕ್‌ಗಳು ಓಡಿ ಬಂದು ಬಲೆ ಎಳೆದರು, ಸಾಹೇಬರು ಓಡಿ ಬಂದು ಹತ್ತಿದರು, ಎಂಜಿನ್ ಗುಡುಗಿತು, ಯಾರೋ ಹೊಸ ಹುಡುಗನೊಬ್ಬ ಪಕ್ಕದ ವಿಮಾನದೊಳಗೆ ಹತ್ತಿ ಕೂತ. ವಿಮಾನ ಅವಳ ಅಂಗೈಯ ಕೆಳಗಿನಿಂದ ಸರಿಯತೊಡಗಿತು. ಅವಳು ಒಂದೆರಡು ಹೆಜ್ಜೆ ಅದರ ಜೊತೆಗೇ ನಡೆದಳು. ಟೆಪ್ಪೆ ತಂಗಿಯ ಭುಜ ಹಿಡಿದು ಹಿಂದಕ್ಕೆಳೆದು, ಕಂದಕದ ಕಡೆ ನಡೆಸಿಕೊಂಡು ಹೋದ.