ಕಿವಿ ಡಾಕ್ಟರು ಬಿಟ್ಟ ಮೋಟು

ಅವನನ್ನು ಊರೆಲ್ಲ ಕಿವಿ ಡಾಕ್ಟರು ಅಂತಲೇ ಕರೆಯುತ್ತಿತ್ತು. ಕಿವಿಗೂ ಅವನ ವೈದ್ಯಕ್ಕೂ ಇದ್ದ ನಂಟು ಇಷ್ಟೇ: ಮರಗಳ ಕಾಂಡವನ್ನು ಕೊಡತಿಯಿಂದ ಕುಟ್ಟಿ, ತೊಗಟೆಗೆ ಕಿವಿ ಅಂಟಿಸಿಕೊಂಡು ನಿಲ್ಲುತ್ತಿದ್ದ. ಗಟ್ಟಿ ಮರ ‘ಟಕ್’ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ‘ಡೊಬ್’ ಅನ್ನುತ್ತದೆ. ಅಷ್ಟು ನೋಡಿದ್ದೇ ತಡ, ಜನ ಹೆಸರಿಟ್ಟೇಬಿಟ್ಟರು. ಒಮ್ಮೆ ಒಬ್ಬ ಮುದುಕಪ್ಪ ಮನೆ ಹುಡುಕಿಕೊಂಡು ಬಂದು, ಎಡಗಿವಿಯಲ್ಲಿ ಗುಂಯ್ ಅನ್ನುತ್ತೆ ಡಾಕ್ಟ್ರೇ ಅಂತ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಇವನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಪಾಪ, ಟೊಳ್ಳಿದೆಯಾ ಅಂತ ಒಂದ್ಸಲ ಕುಟ್ಟಿ ನೋಡಿ ಕಳಿಸ್ರೀ” ಅಂದಳು.

ಮರಕ್ಕೆ ಕಾಯಿಲೆ ಬರುವುದು ಹುಳುಹುಪ್ಪಟೆಯಿಂದ ಅಂತ ಜನ ತಿಳಿದಿದ್ದಾರೆ. ಹುಳುವೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅರ್ಧಕ್ಕರ್ಧ ಕಾಯಿಲೆ ಬರುವುದು ಮನುಷ್ಯರ ಅಕ್ಕರೆಯಿಂದ. ಅಂಗಳ ಚೆಂದ ಕಾಣಲಿ ಅಂತ ಬುಡಕ್ಕೆ ಮಣ್ಣು ಪೇರಿಸುತ್ತಾರೆ. ಬೇರು ಹರಡಿಕೊಳ್ಳುವ ಜಾಗದಲ್ಲಿ ಮರದ ಬುಡ ಅಗಲವಾಗಿ ಕಾಣಬೇಕು. ಅದು ಕಾಣದೆ ಮರ ದೀಪದ ಕಂಬದ ಹಾಗೆ ನೆಟ್ಟಗೆ ನೆಲದೊಳಕ್ಕೆ ಇಳಿದಿದ್ದರೆ ಗ್ರಹಚಾರ ಶುರುವಾಯಿತು ಅಂತಲೇ ಲೆಕ್ಕ. ಮಣ್ಣಿನಡಿ ಉಸಿರುಕಟ್ಟಿ ತೊಗಟೆ ಕೊಳೆಯುತ್ತದೆ, ತುದಿಯ ಕೊಂಬೆಗಳು ಒಣಗುತ್ತವೆ, ಆಮೇಲೆ ಬುಡದಲ್ಲಿ ಅಣಬೆ ಏಳುತ್ತದೆ. ಆಗ ಓಡಿ ಬರುತ್ತಾರೆ, ನಿನ್ನೆವರೆಗೂ ಚೆನ್ನಾಗೇ ಇತ್ತು ಸಾರ್ ಅಂತ. ಎಲ್ಲಿ ಚೆನ್ನಾಗಿತ್ತು! ನಿಮ್ಮ ಕುತ್ತಿಗೆಯವರೆಗೆ ಮಣ್ಣು ತುಂಬಿದರೆ ನೀವು ಎಷ್ಟು ದಿನ ಚೆನ್ನಾಗಿರುತ್ತೀರಿ, ಹೇಳಿ.

ಕಿವಿ ಡಾಕ್ಟರು ಇಷ್ಟನ್ನೂ ನಗುತ್ತಲೇ ಹೇಳುತ್ತಿದ್ದ. ಒಳ್ಳೆಯ ಕೆಲಸಗಾರ, ಕೈತುಂಬ ಕೆಲಸ, ಮನೆಯಲ್ಲಿ ಕಿರಿಕಿರಿಯಿಲ್ಲ. ಆದರೂ ಮರ ಹತ್ತುವಾಗ ಪ್ರತಿಸಲ ಅವನ ನಗು ನಿಂತುಹೋಗುತ್ತಿತ್ತು. ಕಾರಣ ಒಂದು ಕೂಗು.

ಅದು ಅವನ ಅಪ್ಪ ಮಾಡಿಟ್ಟ ಪದ್ಧತಿ. ಮೇಲೆ ಹತ್ತಿದವರು ಗರಗಸ ಕೈಗೆ ತೆಗೆದುಕೊಳ್ಳುವ ಮುಂಚೆ “ಹಗ್ಗ?” ಅಂತ ಕೂಗಬೇಕು. ಕೆಳಗೆ ಹಗ್ಗ ಹಿಡಿದವರು “ಹಿಡಿದೆ” ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಒಂದು ಎಲೆಯನ್ನೂ ಮುಟ್ಟುವಂತಿಲ್ಲ. ಅಪ್ಪನಿಗೆ ವಯಸ್ಸಾದ ಮೇಲೆ ಮರ ಹತ್ತುತ್ತಿದ್ದವಳು ಇವನ ಅಕ್ಕ. ಹೌದು, ಅಕ್ಕ! ಇವನಿಗೆ ಆಗ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುತ್ತಿತ್ತು. ಅವಳು ಎಡಗೈಯವಳು, ಬಾಯಿ ಜೋರು, ಕೊಂಬೆಯ ಮೇಲೆ ಕೂತು ಕಾಲು ಆಡಿಸುತ್ತಾ ಕೆಳಗಿದ್ದವರ ಮಾನ ಕಳೆಯುತ್ತಿದ್ದಳು. “ಹಗ್ಗ?” ಅಂತ ಅವಳು ಕೂಗಿದರೆ ಬೀದಿಯ ಆ ತುದಿಯ ಅಂಗಡಿಯವನೂ “ಹಿಡಿದೆ ತಾಯಿ” ಅನ್ನುತ್ತಿದ್ದ.

ಈಗ ಹತ್ತುವವನು ಇವನು. ಕೆಳಗೆ ಹಗ್ಗ ಹಿಡಿಯುವವನು ಫೋನಪ್ಪ. ಮೊಬೈಲು ಕಿವಿಯಿಂದ ಇಳಿಸದ ಐವತ್ತರ ಆಸಾಮಿ, ಆದ್ದರಿಂದ ಆ ಹೆಸರು. ಇವನು ಮೇಲಿಂದ “ಹಗ್ಗ?” ಅಂದರೆ ಕೆಳಗಿಂದ “ಹ್ಞೂಂ ಸಾರ್, ಏ ನಿಂಗಲ್ಲ ಮಾರಾಯ, ನೀನು ಹೇಳು” ಅಂತ ಬರುತ್ತಿತ್ತು. ಹಗ್ಗವನ್ನೇನೋ ಗಟ್ಟಿಯಾಗಿ ಹಿಡಿಯುತ್ತಿದ್ದ. ಆದರೆ ಇವನಿಗೆ ಬೇಕಾಗಿದ್ದ ಉತ್ತರ ಅದಲ್ಲ. ಅಕ್ಕ ಬೇಕಾಗಿತ್ತು, ಅಷ್ಟೇ. ಇಷ್ಟು ವಯಸ್ಸಾಗಿ, ತಲೆ ನರೆತ ಮೇಲೂ ಬೇಕಾಗಿತ್ತು.

ಅಕ್ಕ ಊರು ಬಿಟ್ಟು ಹೋದದ್ದು ಒಂದು ಮಳೆಮರದ ಕಾರಣಕ್ಕೆ. ಲೈಬ್ರರಿಯ ಅಂಗಳದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ಕೊಡೆ ಹಿಡಿದ ಹಾಗೆ ನಿಂತಿದ್ದ ಮರ. ಕಾಂಡದಲ್ಲಿ ಆಳೆತ್ತರಕ್ಕೆ ಒಂದು ದೊಡ್ಡ ಪೊಟರೆ ಬಿದ್ದಿತ್ತು. ಅಪ್ಪನ ಕಾಲದಲ್ಲಿ ಪೊಟರೆಗೆ ಒಂದೇ ಮದ್ದು: ಒಳಗಿನ ಕೊಳೆತದ್ದನ್ನೆಲ್ಲ ಕೆರೆದು, ಡಾಂಬರು ಬಳಿದು, ಕಲ್ಲು-ಸಿಮೆಂಟು ತುಂಬಿ ಮುಚ್ಚುವುದು. ಹಲ್ಲಿಗೆ ತುಂಬುತ್ತಾರಲ್ಲ, ಹಾಗೆ. ಅಕ್ಕ ಅದರಲ್ಲಿ ಪಳಗಿದವಳು. ಸಿಮೆಂಟಿನ ಮೇಲೆ ಕರಣೆಯ ತುದಿಯಿಂದ ತೊಗಟೆಯ ಗೆರೆಗಳನ್ನು ಎಳೆದು, ಇದು ಮರವೋ ಗಾರೆಯೋ ಅಂತ ನೋಡಿದವರು ಮುಟ್ಟಿ ನೋಡುವ ಹಾಗೆ ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಮಾಡಿದ ಮೊದಲ ದೊಡ್ಡ ಕೆಲಸ ಅದು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಅಂತ ಬೆಳಗಿನಿಂದ ಹೇಳುತ್ತಲೇ ಇದ್ದಳು.

ಇವನು ಆಗಷ್ಟೇ ಒಂದು ತರಬೇತಿಗೆ ಹೋಗಿ ಬಂದಿದ್ದ. ಹೊಸ ವಿದ್ಯೆ, ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಮರ ಗಾಳಿಗೆ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ, ಎರಡರ ನಡುವೆ ಸಂದು ಬಿಟ್ಟು ನೀರು ನಿಂತು ಕೊಳೆತ ಇನ್ನೂ ಹೆಚ್ಚುತ್ತದೆ. ಪೊಟರೆಯನ್ನು ತೆರೆದೇ ಬಿಡಬೇಕು, ಮರ ತನ್ನ ಅಂಚನ್ನು ತಾನೇ ಕಟ್ಟಿಕೊಳ್ಳುತ್ತದೆ ಅಂತ ಅಲ್ಲಿ ಕಲಿಸಿದ್ದರು. ಮಾತು ಸರಿಯೇ. ಆದರೆ ಅದನ್ನು ಆಡಿದ ಜಾಗ? ಅಂಗಳ ತುಂಬ ಜನ ನಿಂತು ಅಕ್ಕನ ಕೈಚಳಕವನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಾಗ ಇವನು ದೊಡ್ಡ ದನಿಯಲ್ಲಿ, “ಇದು ಮದ್ದಲ್ಲ ಅಕ್ಕ, ಸಮಾಧಿ. ಬುಡದ ಮಣ್ಣು ತೆಗಿ ಅಂದ್ರೆ ತೆಗೀಲಿಲ್ಲ, ಮೇಲೆ ಗಾರೆ ಬೇರೆ ಮೆತ್ತಿದೀಯ. ಅಪ್ಪ ಮಾಡಿದ್ದೂ ತಪ್ಪೇ, ನೀನು ಮಾಡ್ತಿರೋದೂ ತಪ್ಪೇ” ಅಂದುಬಿಟ್ಟ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರಣೆಯನ್ನು ಸೆರಗಿನಲ್ಲಿ ಒರೆಸಿದಳು, ಹಗ್ಗದ ಸುರುಳಿಯನ್ನು ತಂದು ಇವನ ಕೈಗಿಟ್ಟಳು. “ಇನ್ಮೇಲೆ ನೀನೇ ಹತ್ತಪ್ಪ” ಅಂದಳು. ಆ ವಾರವೇ ಪೆಟ್ಟಿಗೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಿ, ಒಂದು ಸಸಿ ತೋಟದಲ್ಲಿ ಕೆಲಸಕ್ಕೆ ಸೇರಿಕೊಂಡಳು. ಫೋನು ಎತ್ತಲಿಲ್ಲ, ಆಮೇಲೆ ನಂಬರೇ ಬದಲಾಯಿತು. ಚಿಕ್ಕಮ್ಮನ ಕೈಲಿ ಹೇಳಿ ಕಳಿಸಿದರೆ, “ಚೆನ್ನಾಗಿದೀನಿ ಅನ್ನು, ಇನ್ನೇನೂ ಕೇಳ್ಬೇಡ ಅನ್ನು” ಅಂತ ಉತ್ತರ ಬಂತು.

ಒಂದು ಸಲ ಇವನೇ ರೈಲು ಹತ್ತಿ ಹೋಗಿದ್ದ. ಸಸಿ ತೋಟದ ಬೇಲಿಯಾಚೆ ನಿಂತು ನೋಡಿದ. ಅಕ್ಕ ಎಡಗೈ ಬೀಸುತ್ತಾ ಯಾರಿಗೋ ಹಿಗ್ಗಾಮುಗ್ಗಾ ಬೈಯುತ್ತಿದ್ದಳು. ಆ ದನಿ ಕೇಳಿ ಕಣ್ಣಲ್ಲಿ ನೀರು ಬಂತು. ಗೇಟಿನ ಚಿಲಕದ ಮೇಲೆ ಕೈಯನ್ನೂ ಇಟ್ಟ. ಆಮೇಲೆ ಏನು ಹೇಳಬೇಕು ಅಂತ ತೋಚದೆ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬಂದುಬಿಟ್ಟ. ಹೆಂಡತಿ ಕೇಳಿದ್ದಕ್ಕೆ, “ಚೆನ್ನಾಗಿ ಬೈತಾ ಇದ್ಲು ಕಣೇ” ಅಂದ. ಅವತ್ತು ಊಟ ಮಾಡಲಿಲ್ಲ.

ಅಕ್ಕ ಹೋದಂದಿನಿಂದ ಲೈಬ್ರರಿಯ ಬೀದಿಗೆ ಇವನು ಕಾಲಿಟ್ಟವನಲ್ಲ. ಸುತ್ತು ಬಳಸಿ ಹೋಗುತ್ತಿದ್ದ. ಕೊನೆಗೆ ಒಂದು ದಿನ ಲೈಬ್ರರಿಯ ಮೇಡಂ ಅವರೇ ಫೋನು ಮಾಡಿದರು. ಗಾಳಿಗೆ ಒಂದು ಒಣಕೊಂಬೆ ಮುರಿದು ಸೈಕಲ್‌ಗಳ ಮೇಲೆ ಬಿದ್ದಿದೆ, ಯಾರಿಗೂ ಏನೂ ಆಗಿಲ್ಲ ಸದ್ಯ, ಆದರೆ ಮರ ಕಡಿಸಬೇಕೋ ಉಳಿಸಬೇಕೋ ನೀವೇ ಬಂದು ನೋಡಿ ಹೇಳಿ ಅಂದರು. ಇವನು ಬೇರೆ ಯಾರನ್ನಾದರೂ ಕರೆಸಿ ಅನ್ನಲು ಬಾಯಿ ತೆರೆದವನು, ‘ಬರ್ತೀನಿ’ ಅಂದ. ಆ ಸಿಮೆಂಟಿನ ಮೇಲೆ ಅಕ್ಕ ಎಳೆದ ಗೆರೆಗಳಿದ್ದವಲ್ಲ. ಮರ ಹೋದರೆ ಊರಲ್ಲಿ ಅವಳ ಗುರುತು ಅಂತ ಇನ್ನೇನೂ ಉಳಿಯುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಒಂದೇ ಹೆದರಿಕೆ. ಕುಟ್ಟಿದಾಗ ‘ಡೊಬ್’ ಅಂದರೆ ತಾನು ಆಡಿದ್ದೇ ನಿಜವಾಗುತ್ತದೆ. ಆ ಮಾತು ನಿಜವಾಗುವುದು ಅವನಿಗೆ ಬೇಕಿರಲಿಲ್ಲ.

ಅಂಗಳಕ್ಕೆ ಬಂದವನು ಮರದ ಮುಂದೆ ನಿಂತು ಕಣ್ಣುಜ್ಜಿಕೊಂಡ. ಸಿಮೆಂಟೇ ಇರಲಿಲ್ಲ.

ಒಡೆದು ಬಿದ್ದದ್ದಲ್ಲ, ಯಾರೋ ಬಿಡಿಸಿ ತೆಗೆದದ್ದು. ಪೊಟರೆ ತೆರೆದಿತ್ತು, ಒಳಗೆ ಒಂದು ಚೂರು ಗಾರೆಯೂ ಇಲ್ಲ, ಹೊರಗಿನ ಗಾಳಿ ಒಳಗೆ ಆಡುತ್ತಿತ್ತು. ಸುತ್ತ ಹೊಸ ತೊಗಟೆಯ ಅಂಚು ದಪ್ಪ ತುಟಿಯ ಹಾಗೆ ಉರುಟಾಗಿ ಮಡಚಿಕೊಂಡು ಬಂದಿತ್ತು. ಆ ಅಂಚಿನ ದಪ್ಪ ನೋಡಿದರೆ ಸಾಕು, ಈ ಕೆಲಸ ಆಗಿ ಕೆಲವು ವರ್ಷಗಳೇ ಕಳೆದಿವೆ ಅಂತ ಗೊತ್ತಾಗುತ್ತಿತ್ತು. ಒಳಗಿನ ಒಣಗಿದ ಮರದ ಮೇಲೆ ಉಳಿಯ ಗುರುತುಗಳಿದ್ದವು. ಅವನು ಬೆರಳಿಂದ ಸವರಿದ. ಗುರುತುಗಳೆಲ್ಲ ಎಡಗೈ ಏಟಿನ ಹಾಗೆ ಎಡದಿಂದ ಇಳಿದಿದ್ದವು, ಒಂದೂ ತಪ್ಪದೆ. ಆಮೇಲೆ ಬುಡಕ್ಕೆ ನೋಡಿದ. ಪೇರಿಸಿದ್ದ ಮಣ್ಣು ಇರಲಿಲ್ಲ. ಬೇರುಗಳು ಬುಡದಿಂದ ಅಗಲವಾಗಿ, ಆರಾಮಾಗಿ ಹರಡಿಕೊಂಡಿದ್ದವು. ಅವತ್ತು ಇವನು ಅಂದಿದ್ದನ್ನು ಅಕ್ಕ ಅಕ್ಷರಶಃ ಮಾಡಿ ಹೋಗಿದ್ದಳು.

ಕಿವಿ ಡಾಕ್ಟರು ಕೊಡತಿ ಹಿಡಿದುಕೊಂಡೇ ಆ ಬೇರಿನ ಮೇಲೆ ಕೂತುಬಿಟ್ಟ. ಇಷ್ಟು ದೂರ ಬಂದಿದ್ದಳು. ಮನೆ ಇಲ್ಲಿಂದ ಎರಡು ಬೀದಿ. ಬರಲಿಲ್ಲ.

“ಇಲ್ಲಿದ್ದ ಸಿಮೆಂಟು ತೆಗೆದವರು ಯಾರು?” ಅಂತ ಗೇಟಿನ ಕಾವಲುಗಾರನನ್ನು ಕೇಳಿದ.

“ಒಬ್ರು ಅಮ್ಮ ಸಾರ್. ಹಳೇ ಮೇಡಂ ಇದ್ದಾಗ ಬಂದು ಒಪ್ಪಿಸ್ಕೊಂಡು ಮಾಡಿದ್ರು. ಈಗ್ಲೂ ವರ್ಷಕ್ಕೊಂದ್ಸಲ, ಎಲೆ ಉದುರೋ ಕಾಲಕ್ಕೆ ಬರ್ತಾರೆ. ಮರದ ಸುತ್ತ ಒಂದು ಸುತ್ತು ಹಾಕ್ತಾರೆ, ಅಲ್ಲಿ ಸೈಕಲ್ ಒರಗಿಸಿದ್ರೆ ನಂಗೆ ಬೈತಾರೆ, ಹೋಗ್ತಾರೆ. ಈಚೆಗೆ ಕಾಲು ಎಳ್ಕೊಂಡು ನಡೀತಾರೆ ಪಾಪ.”

“ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?”

“ನೀವು ಯಾರು ಅಂತ ನಂಗೇ ಇವತ್ತು ಗೊತ್ತಾಗಿದ್ದು ಸಾರ್” ಅಂದ ಕಾವಲುಗಾರ.

ಇವನು ಎದ್ದು ಕೆಲಸ ಶುರುಮಾಡಿದ. ಸುತ್ತಲೂ ಕುಟ್ಟಿದ, ಕಿವಿಯಿಟ್ಟ. ಪೊಟರೆಯ ಆಸುಪಾಸು ಬಿಟ್ಟರೆ ಎಲ್ಲ ಕಡೆ ‘ಟಕ್’. ಅಣಬೆ ಇಲ್ಲ, ತೊಗಟೆ ಕಳಚಿಲ್ಲ, ಕೊರಕ ಹುಳುವಿನ ಪುಡಿ ಉದುರಿಲ್ಲ. ಮರ ಇನ್ನೂ ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತೆ, ಮೇಲಿನ ಒಣಕೊಂಬೆಗಳನ್ನು ತೆಗೆದರೆ ಸಾಕು ಅಂತ ಮೇಡಂಗೆ ಹೇಳಿ ಹಗ್ಗ ಕಟ್ಟಿ ಮೇಲೆ ಹತ್ತಿದ. “ಹಗ್ಗ?” ಅಂದ. “ಹ್ಞೂಂ ಸಾರ್” ಅಂದ ಫೋನಪ್ಪ.

ಒಣಕೊಂಬೆ ತೆಗೆಯಲು ಒಂದು ಕ್ರಮವಿದೆ. ಮೊದಲು ಭಾರ ಇಳಿಸಿ, ಕೊನೆಗೆ ಕಾಂಡದ ಹತ್ತಿರದ ಉಬ್ಬಿನ ಹೊರಗೆ ನೀಟಾಗಿ ಕತ್ತರಿಸಬೇಕು. ಅಲ್ಲಿ ಮೊಳದುದ್ದ ಮೋಟು ಉಳಿಸಿದರೆ ಗಾಯ ಮಾಯುವುದಿಲ್ಲ. ಮೋಟು ಕೊಳೆತು, ಆ ಕೊಳೆ ಕಾಂಡದೊಳಗೆ ಇಳಿಯುತ್ತದೆ. ಅಕ್ಕನಿಗೆ ಜಗತ್ತಿನಲ್ಲಿ ಸಹಿಸಲಾಗದ ವಸ್ತು ಅಂತ ಒಂದಿದ್ದರೆ ಅದು ಮೋಟು. ಬೇರೆಯವರು ಬಿಟ್ಟ ಮೋಟನ್ನು ಕಂಡರೂ ಬಸ್ಸಿನಿಂದ ಇಳಿದು ಹೋಗಿ ಜಗಳ ತೆಗೆಯುತ್ತಿದ್ದಳು. ಕ್ಷಮಿಸು ಅಂತ ಬರೆದು ಕಳಿಸಿದರೆ ಹರಿದು ಎಸೆದಾಳು, ಆದರೆ ಮೋಟನ್ನು ಕಂಡು ಸುಮ್ಮನೆ ಹೋಗಲಾರಳು.

ಇವನು ಒಣಕೊಂಬೆಗಳನ್ನೆಲ್ಲ ಚೊಕ್ಕಟವಾಗಿ ತೆಗೆದ. ಗೇಟಿಗೆ ಎದುರಾಗಿದ್ದ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಕೊಂಬೆಯನ್ನು ಮಾತ್ರ ಅಡ್ಡಾದಿಡ್ಡಿ ಕೊಯ್ದು, ಅಸಹ್ಯವಾದ ಒಂದು ಮೋಟು ಬಿಟ್ಟು ಇಳಿದ.

ಫೋನಪ್ಪ ಅವತ್ತು ಮೊದಲ ಸಲ ಮೊಬೈಲು ಇಳಿಸಿದ. “ಸಾರ್, ಅದೊಂದು ಉಳೀತು.”

“ಉಳೀಲಿ.”

“ಮೋಟು ಬಿಟ್ರೆ ಮರ ಕೊಳೆಯುತ್ತೆ ಅಂತ ನಂಗೆ ವರ್ಷಗಟ್ಲೆ ಬೈದಿದೀರಿ!”

“ಎಲೆ ಉದುರೋ ಕಾಲದ ತನಕ ಮರ ತಡೆಯುತ್ತೆ ಬಿಡಯ್ಯ. ಆಮೇಲೆ ನಾನೇ ತೆಗೀತೀನಿ.” ಹೋಗುವಾಗ ಕಾವಲುಗಾರನ ಕೈಗೆ ನಂಬರು ಬರೆದು ಕೊಟ್ಟ. “ಆ ಅಮ್ಮ ಬಂದು ಇದನ್ನ ಯಾವನು ಮಾಡಿದ್ದು ಅಂತ ಕೇಳಿದ್ರೆ, ಇದು ಕೊಡು.”

ಆಮೇಲೆ ಕಾಯುವುದೊಂದೇ. ಕಾಯುವವನ ಪಾಡು ಕೇಳಬೇಡಿ! ಗೊತ್ತಿಲ್ಲದ ನಂಬರಿನ ಕರೆ ಬಂದಾಗಲೆಲ್ಲ ಏಣಿ ಬಿಟ್ಟು ಓಡುತ್ತಿದ್ದ. ಒಬ್ಬ ಸಾಲ ಬೇಕಾ ಅನ್ನುತ್ತಿದ್ದ, ಇನ್ನೊಬ್ಬ ಕಿವಿನೋವು ಅನ್ನುತ್ತಿದ್ದ. ಮಳೆಮರ ಹೂಬಿಟ್ಟಿತು, ಕಾಯಿ ಕಟ್ಟಿತು. “ಅಕ್ಕಂಗೆ ಕಾಲುನೋವು ಜಾಸ್ತಿಯಾಗಿದ್ರೆ ಈ ಸಲ ಬರದೇ ಹೋಗ್ಬಹುದು” ಅಂತ ಹೆಂಡತಿ ಮೆಲ್ಲಗೆ ಹೇಳಿದಳು. ಅವನು ಗರಗಸದ ಹಲ್ಲು ಮಸೆಯುತ್ತಾ ಕೂತ. ಎಲೆ ಉದುರತೊಡಗಿದ ಮೇಲಂತೂ ಊರಾಚೆಯ ಕೆಲಸಗಳನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟ.

ಒಂದು ಬೆಳಗ್ಗೆ ಫೋನು ಬಡಿದುಕೊಂಡಿತು. ಹಲೋ ಇಲ್ಲ, ಕುಶಲ ಇಲ್ಲ.

“ಯಾವ ಕಟುಕನೋ ನೀನು? ಇದೇನಾ ನೀನು ತರಬೇತೀಲಿ ಕಲಿತಿದ್ದು?”

ಅವನು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದ.

ಅಕ್ಕ ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಪಕ್ಕದಲ್ಲಿ ಒಂದು ಊರುಗೋಲು. ಇವನ ಮುಖ ನೋಡದೆ ಮೋಟನ್ನೇ ದಿಟ್ಟಿಸುತ್ತಾ, “ನನ್ನ ಮಂಡಿ ಕೈಕೊಟ್ಟಿದೆ, ಇಲ್ದಿದ್ರೆ ಇಷ್ಟೊತ್ತಿಗೆ ಹತ್ತಿ ತೆಗೀತಿದ್ದೆ” ಅಂದಳು.

“ಗೊತ್ತು ಅಕ್ಕ.”

“ಬೇಕಂತಲೇ ಬಿಟ್ಟಿದೀಯ.”

“ಹೂಂ.”

“ಕತ್ತೆ.” ಅವಳು ಊರುಗೋಲನ್ನು ನೆಲಕ್ಕೆ ಕುಟ್ಟಿದಳು. “ಕತ್ತೆ ಕಣೋ ನೀನು. ಮರಕ್ಕೆ ಯಾಕೋ ನೋವು ಮಾಡ್ಬೇಕಿತ್ತು, ಒಂದ್ಸಲ ಗೇಟು ತೆಗೆದು ಒಳಗೆ ಬಂದಿದ್ರೆ ಆಗ್ತಿರಲಿಲ್ವಾ? ಅವತ್ತು ಬೇಲಿ ಹತ್ರ ನಿಂತಿದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡಿದೀಯಾ?”

ಅವನು ಕಣ್ಣೊರೆಸಿಕೊಂಡ. ಅವಳೂ ಮೂಗು ಒರೆಸಿಕೊಂಡು, ಅತ್ತ ತಿರುಗಿ, “ಸಂಜೆ ರೈಲಿಗೆ ಹೋಗ್ಬೇಕು ನಾನು. ನಿಂತ್ಕೋಬೇಡ, ಹತ್ತು” ಅಂದಳು. ಹಗ್ಗ, ಗರಗಸ ಹೊತ್ತು ಹಿಂದೆಯೇ ಓಡಿ ಬಂದಿದ್ದ ಫೋನಪ್ಪ ಹಗ್ಗ ಹಿಡಿಯಲು ಮುಂದಾದ. ಅಕ್ಕ ಊರುಗೋಲಿನಿಂದ ಅವನನ್ನು ಪಕ್ಕಕ್ಕೆ ಸರಿಸಿ, ಹಗ್ಗವನ್ನು ಮರದ ಬುಡಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ತನ್ನ ಎಡಗೈಗೆ ತೆಗೆದುಕೊಂಡಳು.

ಅವನು ಹತ್ತಿದ. ಮೋಟಿನ ಹತ್ತಿರ ಬಂದು ಕೂತು, ಗರಗಸಕ್ಕೆ ಕೈ ಹಾಕುವ ಮುಂಚೆ ಕೆಳಗೆ ನೋಡಿ ಕೂಗಿದ.

“ಹಗ್ಗ?”

ಅಕ್ಕ ಹಗ್ಗವನ್ನು ಎಳೆದು ಬಿಗಿ ಮಾಡಿದಳು. ಎಲೆಗಳು ಉದುರುತ್ತಿದ್ದವು.

“ಹಿಡಿದೆ” ಅಂದಳು ಅಕ್ಕ.

ಅವನು ಗರಗಸ ಇಟ್ಟ, ಎಳೆದ, ನಿಂತ, ಮತ್ತೆ ಎಳೆದ. “ಏನೋ, ನಿದ್ದೆ ಮಾಡ್ತಿದೀಯಾ ಮೇಲೆ?” ಅಂತ ಕೆಳಗಿಂದ ಬೈಗುಳ ಬರುತ್ತಿತ್ತು. ಅಷ್ಟು ನಿಧಾನವಾಗಿ ಅವನು ತನ್ನ ಜನ್ಮದಲ್ಲಿ ಯಾವ ಕೊಂಬೆಯನ್ನೂ ಕತ್ತರಿಸಿರಲಿಲ್ಲ.