ಆರರ ಮೇಲೆ ಕುಂಕುಮ

ಗೆಳೆಯರೇ, ಇವತ್ತು ಅತ್ತಿಗುಪ್ಪೆಯ ಗೃಹಪ್ರವೇಶಕ್ಕೆ ನನ್ನದೇ ಮೈಕ್‌ಸೆಟ್. ಆಂಪ್ಲಿಫೈಯರ್ ನಾನೇ ಕೂತು ಜೋಡಿಸಿದ್ದು. ಬೆಳಗ್ಗೆ ರೆಕಾರ್ಡ್ ಹಾಕಿ ಕೇಳಿದೆ. ವಾಲ್ಯೂಮ್ ಆರು ದಾಟಿದರೆ ದನಿ ಒಡೆಯುತ್ತಿತ್ತು. ಗುರುತಿಗೆ ಬಣ್ಣ ಸಿಗದೆ ಆರರ ಮೇಲೆ ಕುಂಕುಮ ಹಚ್ಚಿದೆ.

ಮನೆ ಯಜಮಾನರ ಭಾವ ಬಂದರು. "ಏನಪ್ಪಾ, ಸೌಂಡೇ ಇಲ್ಲ. ಕಾಮಾಕ್ಷಿಪಾಳ್ಯಕ್ಕೆ ಕೇಳಿಸ್ಬೇಕು, ಪೂರ್ತಿ ತಿರುಗ್ಸು."

"ಆರು ದಾಟಿದ್ರೆ ಹಾರ್ನ್ ಸುಟ್ಟೋಗುತ್ತೆ ಸಾರ್."

"ನಂಗೇ ಹೇಳ್ಕೊಡ್ತೀಯಾ?" ಎಂದು ತಾವೇ ಕೈ ಹಾಕಿದವರು ಕುಂಕುಮ ಕಂಡು ಗಕ್ಕನೆ ನಿಂತರು. "ಪೂಜೆ ಮಾಡಿದೀಯಾ? ಮೊದ್ಲೇ ಹೇಳ್ಬಾರ್ದಾ" ಎನ್ನುತ್ತಾ ಆಂಪ್ಲಿಫೈಯರ್ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಸಂಜೆವರೆಗೂ ದನಿ ಒಡೆಯಲಿಲ್ಲ. ಊಟಕ್ಕೆ ಕೂತವರು ಸೆಟ್ಟನ್ನು ಹೊಗಳಿದಾಗ ಭಾವ, "ದೇವ್ರ ಮಹಿಮೆ ಕಣ್ರೀ" ಎಂದರು.

ಇರಲಿ. ಆ ದೇವರಿಗೆ ಬೆಸುಗೆ ಹಾಕಿದವನು ನಾನು.