ಕುಂಕುಮವಿಲ್ಲದ ಬೋರ್ಡುಗಳು

"ಸರಿಯಾದ ಒಂದು ಬೋರ್ಡನ್ನು ತೋರಿಸಿದರೆ ಸಾಕು" ಎಂದೋ ಏನೋ ಅಂದಿದ್ದರು, ತಪಾಸಣೆಯ ಕ್ಯಾಮೆರಾ ಯಂತ್ರ ಜೋಡಿಸಿ ಹೋದ ಇಂಜಿನಿಯರ್. ಹಾಗೆಯೇ ಮಾಡಿದೆವು ಗೆಳೆಯರೇ. ಮುಳ್ಳೇರಿಯದ ನಮ್ಮ ಪುಟ್ಟ ಘಟಕದಲ್ಲಿ ಇಂದು ಬೆಳಿಗ್ಗೆ ಪೂಜೆ ಮುಗಿಸಿ, ಮೊದಲ ಸರ್ಕ್ಯೂಟ್ ಬೋರ್ಡನ್ನು ಯಂತ್ರಕ್ಕೆ ತೋರಿಸಿದೆವು. ಮುಂದಿನವನ್ನು ಹೋಲಿಸಿ ನೋಡಲು ಅದು ಒಂದೊಂದು ಬಿಡಿಭಾಗದ ಚಿತ್ರವನ್ನೂ ತನ್ನ ಲೈಬ್ರರಿಗೆ ಸೇರಿಸಿಕೊಂಡಿತು. ಆಮೇಲೆ ಇಟ್ಟ ಬೋರ್ಡುಗಳೆಲ್ಲ ನಪಾಸು. ಪ್ರತಿಯೊಂದರಲ್ಲೂ ಒಂದು ಭಾಗ ಇಲ್ಲವಂತೆ. ಸಂಜೆಯ ವ್ಯಾನಿಗೆ ಅಷ್ಟೂ ಹೋಗಬೇಕಿತ್ತು.

ಇಷ್ಟು ವರ್ಷ ಭೂತಗನ್ನಡಿ ಹಿಡಿದು ಬೋರ್ಡು ನೋಡಿದ ಶಾರದಕ್ಕ ಪರದೆಯತ್ತ ಬಗ್ಗಿ ನಕ್ಕುಬಿಟ್ಟರು.

"ಎಂತ ಮಾರಾಯ್ರೆ, ಅದು ಕೇಳುವುದು ನಾನು ಮೊದಲಿನದಕ್ಕೆ ಇಟ್ಟ ಕುಂಕುಮವನ್ನು!"

ಕುಂಕುಮ ಒರೆಸಿ ಮತ್ತೆ ಕಲಿಸಿದೆವು. ಎಲ್ಲವೂ ಪಾಸಾಗಿ ವ್ಯಾನ್ ಹತ್ತಿದವು.

ಇಂಜಿನಿಯರ್ ಸಾರ್, ಅರ್ಧ ದಿನದಲ್ಲೇ ಯಂತ್ರ ಹೀಗೆ ನಮ್ಮೂರಿನದಾಗಿಬಿಡುತ್ತದೆ ಎಂದು ಮೊದಲೇ ಹೇಳಬಾರದಿತ್ತೇ?